ಪೂರ್ತಿ ಬೆಲೆ ಕೊಟ್ಟ ಮೇಲೂ ಕಡಿಯಲಾಗದ ಕಬ್ಬು

ಪಾರ್ಶ್ವವಾಯು ಬಡಿದ ನನ್ನ ತಮ್ಮನ ಬಲಗೈ ಎಂಟು ತಿಂಗಳು ಅವನ ಮಡಿಲಲ್ಲೇ ಬಿದ್ದಿತ್ತು. ಅದು ಯಲಿಯೂರಿನ ಗದ್ದೆಗಳಲ್ಲಿ ನಲವತ್ತು ವರ್ಷ ಕಬ್ಬು ಕಡಿದ ಕೈ. ವಿಡಿಯೋ ಗೇಮ್ ಆಡಿದರೆ ಬೆರಳುಗಳು ಮತ್ತೆ ಚುರುಕಾಗಬಹುದು ಎಂದು ಆಸ್ಪತ್ರೆಯಲ್ಲಿ ಅವನಿಗೆ ವ್ಯಾಯಾಮ ಮಾಡಿಸುವಾಕೆ ಹೇಳಿದಾಗ ನಾನು ನಂಬಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಬೆಲ್ಲ ಕಟ್ಟಿಕೊಡಲು ತಂದ ಹಳೆಯ ಪತ್ರಿಕೆಗಳನ್ನೇ ಓದಿಕೊಂಡು ಬೆಳೆದವನು ನಾನು. ಕಣ್ಣಾರೆ ಕಾಣದ್ದನ್ನು ಒಪ್ಪುವ ಅಭ್ಯಾಸವಿಲ್ಲ. ಆಟಗಳು ಜನರನ್ನು ಕೆಡಿಸುತ್ತವೆ ಎಂಬ ಮಾತನ್ನೂ ಅದೇ ಕಾರಣಕ್ಕೆ ನಂಬಿರಲಿಲ್ಲ.

ತಮ್ಮನ ಮಗಳು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೋನಸ್ಸು ಬಂದ ವಾರ ಅವಳು ಮಂಡ್ಯದಿಂದ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಯನ್ನೂ ಬೇಸಾಯದ ಆಟವೊಂದರ ಡಿಸ್ಕನ್ನೂ ತಂದಳು. ಡಿಸ್ಕೊಂದರ ಬೆಲೆಗೇ ಗದ್ದೆಗೆ ಒಂದು ಟ್ರ್ಯಾಕ್ಟರು ಗೊಬ್ಬರ ಹೊಡೆಸಬಹುದಿತ್ತು. ತಮ್ಮನ ಕೈಯ ವಿಚಾರವಾದ್ದರಿಂದ ನಾನು ತಡೆಯಲಿಲ್ಲ.

ಟಿವಿಯಲ್ಲಿ ಯಾವುದೋ ದೇಶದ ಹೊಲ ಮೂಡಿತು. ಮೊದಮೊದಲು ಎಲ್ಲವನ್ನೂ ಎಡಗೈಯೇ ಮಾಡಿತು. ಮೂರನೆಯ ವಾರ, ಟ್ರ್ಯಾಕ್ಟರು ಬದು ಹತ್ತಿ ವಾಲಿದಾಗ, ಬಲಗೈಯ ಹೆಬ್ಬೆರಳು ತಾನಾಗಿಯೇ ಆಟದ ಹಿಡಿಕೆಯ ಗುಂಡಿ ಒತ್ತಿತು.

"ನೋಡ್ದೇನಣ್ಣೊ?" ಎಂದ ತಮ್ಮ.

"ನೋಡ್ದೆ ಕಣ್ಲಾ. ಬೆಳ್ಳು ಆಡ್ತು ಸರಿ, ಬದ ಒಡ್ದಾಕ್ದಲ್ಲಾ. ಪಕ್ಕದ್ ಒಲ್ದೋರು ಜಗಳಕ್ಕೆ ಬತ್ತಾರೆ ನೋಡು."

ಅವನು ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಂದಿಗೆ ನನ್ನ ಅನುಮಾನ ತೀರಿತು.

ಗೋಧಿ ಬೆಳೆದ, ಜೋಳ ಬೆಳೆದ. ಅವನ ಮನಸ್ಸೆಲ್ಲ ಇದ್ದದ್ದು ಕಬ್ಬಿನ ಮೇಲೆ. ಆಟವು ಅದನ್ನು ನೆಡಲು ಬಿಟ್ಟಿತು, ನೀರು ಹಾಯಿಸಲೂ ಬಿಟ್ಟಿತು. ಬೆಳೆದು ನಿಂತ ಮೇಲೆ ನೋಡಿದರೆ, ಕಡಿಯುವ ಯಂತ್ರದ ಮೇಲೆ ಬೀಗದ ಚಿತ್ರ. ಅದನ್ನು ತೆರೆಯಲು ಆಟದೊಳಗೆ ದುಡಿದ ಹಣ ನಡೆಯುತ್ತಿರಲಿಲ್ಲ, ನಮ್ಮ ಬ್ಯಾಂಕಿನ ಹಣವೇ ಬೇಕಾಗಿತ್ತು.

"ಒಸಿ ದುಡ್ಡು ದೊಡ್ಡಪ್ಪ, ಕಟ್ಬುಡ್ತೀನಿ," ಎಂದಳು ಹುಡುಗಿ.

"ಬ್ಯಾಡ," ಎಂದೆ.

ಮದ್ದೂರಿನ ಸಂತೆಯಲ್ಲಿ ಮೂವತ್ತು ವರ್ಷ ಬೆಲ್ಲ ಮಾರಿದವನು ನಾನು. ತೂಕ ಮುಗಿದು ಹಣ ಎಣಿಸಿದ ಮೇಲೂ ಕೊಂಡವರು ಕೈ ಚಾಚಿ ನಿಲ್ಲುತ್ತಿದ್ದರು. ನಾನು ಒಂದು ತುಂಡು ಕೊಸರು ಹಾಕುತ್ತಿದ್ದೆ, ವ್ಯಾಪಾರ ಮುಗಿಯುತ್ತಿದ್ದುದು ಆಗಲೇ. ಕೊಸರೆಂಬುದು ನಮ್ಮವರ ಉದಾರತೆ ಎಂದು ಬರೆದವರನ್ನು ಓದಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ತುಂಡಿನ ಬೆಲೆಯನ್ನು ನಾನು ಮೊದಲೇ ಸೇರಿಸಿಕೊಂಡಿರುತ್ತಿದ್ದೆ. ಆದರೆ ಕೊಸರು ಚೀಲಕ್ಕೆ ಬಿದ್ದ ಮೇಲೆ, ಹೊರಟವರನ್ನು ಹಿಂದಿನಿಂದ ಕೂಗಿ ಮತ್ತಷ್ಟು ಕೇಳುವ ಹಕ್ಕು ನನಗಿರಲಿಲ್ಲ. ಇಲ್ಲಿ ಪೂರ್ತಿ ಬೆಲೆ ಪಡೆದವನೇ ನಮ್ಮ ನಡುಮನೆಗೆ ಬಂದು ನಮ್ಮಿಂದ ಕೊಸರು ಕೇಳುತ್ತಿದ್ದ.

ಹುಡುಗಿ ವಾದಿಸಿದಳು. "ಈಗ ಆಟ ಮಾಡಾಕೆ ಕರ್ಚು ಜಾಸ್ತಿಯಂತೆ ದೊಡ್ಡಪ್ಪ. ಇಂಗೆ ಮಾಡ್ದಿದ್ರೆ ಗಿಟ್ಟಲ್ವಂತೆ. ಬೇಕಾದೋರ್ ತಗೋತಾರೆ, ಬ್ಯಾಡ್ದೋರ್ ಬುಡ್ತಾರೆ."

"ಅಂತೆ ಅಂತ ಯೇಳ್ದೋರ್ ಯಾರವ್ವಾ? ಮಾರೋರೇ ತಾನೆ? ಗಿಟ್ದಿದ್ರೆ ಮೊದ್ಲೇ ಬೆಲೆ ಯೇಳ್ಬೇಕಿತ್ತು. ನಿಮ್ಮಪ್ಪಂಗೆ ಕಬ್ಬು ನೆಡಾಕೆ ಬುಟ್ಟು ಆಮ್ಯಾಕೆ ಮಚ್ಚು ಬಚ್ಚಿಟ್ಕೊಂಡವ್ರಲ್ಲ, ಅದ್ಯಾವ ನ್ಯಾಯ?"

ಅಪ್ಪ ತೀರಿಕೊಂಡ ದಿನದಿಂದ ತಮ್ಮ ನನ್ನ ಮಾತಿಗೆ ಎದುರಾಡಿದವನಲ್ಲ. "ಅಣ್ಣ ಬ್ಯಾಡ ಅಂದ್ಮ್ಯಾಲೆ ಬ್ಯಾಡ ಬುಡವ್ವ," ಎಂದು ಆಟದ ಹಿಡಿಕೆಯನ್ನು ಪಕ್ಕಕ್ಕಿಟ್ಟ.

ಮರುದಿನ ಡಿಸ್ಕನ್ನು ಕೈಚೀಲದಲ್ಲಿಟ್ಟುಕೊಂಡು ರೈಲು ಹತ್ತಿ ಮಂಡ್ಯದ ಅಂಗಡಿಗೆ ಹೋದೆ. ಅಂಗಡಿಯಾತ ಕುರ್ಚಿ ಕೊಟ್ಟು ಕೂರಿಸಿದ.

"ಯಜಮಾನ್ರೇ, ನಾವ್ ಮಾರೋದು ಡಿಸ್ಕು. ಅದ್ರೊಳಗೆ ಏನ್ ಮಾರ್ತಾರೋ ಅದು ನಮ್ ಕೈಲಿಲ್ಲ."

"ಯಾರ್ ಕೈಲದೆ?"

ಅವನು ಬೆರಳನ್ನು ಮೇಲಕ್ಕೆ ತೋರಿಸಿದ.

"ಅಲ್ಲಿ ಫ್ಯಾನ್ ಅದೆ ಕಣಪ್ಪ," ಎಂದೆ. ಅವನು ನಕ್ಕು ಟೀ ತರಿಸಿದ. ಮೂವತ್ತು ವರ್ಷದ ಸಂತೆಯಲ್ಲಿ ನಾನು ಆಡಿದ ಜಗಳಗಳಿಗೆಲ್ಲ ಎದುರಿಗೊಂದು ಮುಖವಿತ್ತು. ಟೀ ಕುಡಿದು ಡಿಸ್ಕಿನೊಡನೆ ಹಿಂದಿರುಗಿದೆ.

ತಮ್ಮ ಮತ್ತೆ ಆಡಲಿಲ್ಲ. ಕೇಳಿದರೆ "ನಾಳೆ ಆಡ್ತೀನಿ ಬುಡು" ಎನ್ನುತ್ತಿದ್ದ. ಹೀಗೇ ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಾನು ಕೊಟ್ಟ ಕಾಫಿ ಲೋಟ ಅವನ ಬಲಗೈಯಿಂದ ಜಾರಿ ಪಂಚೆಯ ಮೇಲೆ ಬಿತ್ತು. ಆಟ ಆಡುತ್ತಿದ್ದಾಗ ಅದೇ ಲೋಟವನ್ನು ಅವನು ಆ ಕೈಯಲ್ಲೇ ಹಿಡಿಯುತ್ತಿದ್ದ.

"ಬಿಸಿ ಇರ್ನಿಲ್ಲ ಬುಡಣ್ಣೊ," ಎಂದ. ಬಿಸಿಯಿತ್ತು.

ಸಂಜೆ ಹುಡುಗಿ ಕೆಲಸದಿಂದ ಬಂದೊಡನೆ "ದುಡ್ಡು ಕಟ್ಟವ್ವ" ಎಂದೆ. ಅವಳು ಆಟ ತೆರೆದಳು. ಯಂತ್ರವಿದ್ದ ಜಾಗ ಖಾಲಿಯಾಗಿತ್ತು, ಬೀಗವೂ ಇರಲಿಲ್ಲ.

"ಅದ್ನ ಮಾರೋ ಅಂಗಾಮು ಮುಗೀತಂತೆ ದೊಡ್ಡಪ್ಪ. ಮತ್ತೆ ಯಾವಾಗ್ ಬತ್ತದೋ ಯೇಳಿಲ್ಲ."

ಆ ಅಂತೆಯನ್ನೂ ನಾನು ನಂಬಲಿಲ್ಲ. ಹಿಡಿಕೆಯನ್ನು ಇಸಿದುಕೊಂಡು ಖಾಲಿ ಜಾಗವನ್ನು ನಾನೇ ನಾಲ್ಕೈದು ಬಾರಿ ಒತ್ತಿದೆ. ಏನೂ ಆಗಲಿಲ್ಲ.

ಪೂರ್ತಿ ಬೆಲೆ ಪಡೆದವನು ಮತ್ತೆ ಕೇಳಬಾರದೆಂಬ ನನ್ನ ಮಾತು ತಪ್ಪೆಂದು ಇಂದಿಗೂ ಅನಿಸಿಲ್ಲ. ಆ ಮಾತು ಕೇಳಬೇಕಾದವರನ್ನು ತಲುಪಲಿಲ್ಲ, ತಮ್ಮನೊಬ್ಬನೇ ಅದಕ್ಕೆ ತಲೆಬಾಗಿದ. ಗೋಧಿಯನ್ನಾದರೂ ಬೆಳೆಯೆಂದು ಕೇಳಿಕೊಂಡೆ. "ಗೋದಿ ನಮ್ಮೋರ್ ಯಾರ್ ಬೆಳೆದವ್ರಣ್ಣೊ?" ಎಂದು ಮುಖ ತಿರುಗಿಸಿದ.

ಈಗ ದಿನವೂ ಅವನ ಕೈಗೆ ಎಣ್ಣೆ ಹಚ್ಚಿ, ಟಿವಿ ಹಾಕಿ, ಹಿಡಿಕೆಯನ್ನು ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತೇನೆ. ನಾನು ಕೈ ತೆಗೆದೊಡನೆ ಅವು ಬಿಚ್ಚಿಕೊಳ್ಳುತ್ತವೆ. ನಮ್ಮ ಗದ್ದೆಯ ಕಬ್ಬಾದರೆ ಹೊತ್ತು ಮೀರಿದ ಮೇಲೆ ಹೂಬಿಟ್ಟು ಬೆಂಡಾಗುತ್ತದೆ. ಟಿವಿಯ ಕಬ್ಬು ಅಂದಿನಂತೆಯೇ ಹಸಿರಾಗಿ ನಿಂತಿರುತ್ತದೆ. ತಮ್ಮ ಅದನ್ನು ನೋಡುತ್ತಾನೆ, ನಾನು ಅವನ ಕೈಯನ್ನು ನೋಡುತ್ತೇನೆ.