ಗೊಬ್ನಿತ್ ಅಂಚಿನಲ್ಲಿ ಬರೆದದ್ದು

ಗೊಬ್ನಿತ್ ನಿ ಲೂಸಳ ಹನ್ನೊಂದು ವರ್ಷದ ದುಡಿಮೆಗೆ ಒಂದು ಪ್ರಾರ್ಥನೆ ಬಾಕಿ ಇದೆ. ಸಂಬಳ ಗಂಟೆ ಲೆಕ್ಕದಲ್ಲಿ ಬಂತು, ಅದರ ತಕರಾರಿಲ್ಲ.

ಅವಳ ಊರು ಕಾರ್ಕ್ ಸೀಮೆಯ ಕೂಲೇ. ಬೆಣ್ಣೆ ಕಡೆಯುವ ಮನೆಗೆ ಕಾಲಿಟ್ಟವರು "ದೇವರು ಈ ಕೆಲಸ ಹರಸಲಿ" ಎನ್ನದೆ, ಕಡೆಗೋಲಿಗೆ ಒಂದು ಕೈ ಹಾಕದೆ ಹೊರಟರೆ, ಅವರು ಬೆಣ್ಣೆ ಕದಿಯಲು ಬಂದವರೆಂದೇ ಅಲ್ಲಿ ಲೆಕ್ಕ. ಡಬ್ಲಿನ್ನಿನಲ್ಲಿ ಅವಳ ಕೆಲಸ ಬೇರೆ ಬಗೆಯದು. ಲ್ಯಾಟಿನ್ನಿನಿಂದ ಐರಿಷ್‌ಗೆ ಬಂದ ಪದಗಳ ಕೋಶ; ಅದಕ್ಕಾಗಿ ಮಸಿ ಮಾಸಿದ ತೊಗಲ ಹಾಳೆಗಳ ಮೇಲೆ ಭೂತಗನ್ನಡಿ ಹಿಡಿದು, ಒಂದೊಂದು ಪದಕ್ಕೂ ಚೀಟಿ ಬರೆಯಬೇಕು. ಬಲಗಣ್ಣು ಅಲ್ಲೇ ಸವೆಯಿತು.

ಕೋಶ ಬಿಡುಗಡೆಯಾದ ಮಧ್ಯಾಹ್ನ ಸ್ಯಾಮನ್ ಮೀನು, ಕಂದು ಬ್ರೆಡ್ಡು, ವೈನು. ಮುಖಪುಟದ ಮೇಲೆ ಪ್ರೊಫೆಸರ್ ಲೋರ್ಕನ್ ಒಬ್ಬರದೇ ಹೆಸರು. ಒಳಗೆ ಒಂದು ಸಾಲು: ಸಹಾಯಕರಿಗೆ ವಂದನೆ.

ಲೋರ್ಕನ್ ಗೋಡೆಯ ಮೇಲೊಂದು ಚಿತ್ರ ಬಿಟ್ಟರು. ಹಸ್ತಪ್ರತಿಯ ಅಂಚಿನಲ್ಲಿ ಹಳೆಯ ಲಿಪಿಕಾರನೊಬ್ಬ ಗೀಚಿದ ಸಾಲು: "ನನ್ನ ಕೈ ಸೆಟೆದಿದೆ. ಓದಿದವರೆಲ್ಲ ಬರೆದ ಫ್ಲಾನನಿಗೊಂದು ಒರೋತ್ ಹೇಳಿ."

"ಒರೋತ್, ಅಂದ್ರೆ ಪ್ರಾರ್ಥನೆ. ಮೂಲ ಲ್ಯಾಟಿನ್ನಿನ ಒರಾತಿಯೊ," ಎಂದರು. "ಎಂಥಾ ವಿನಯ ನೋಡಿ! ಇಷ್ಟೇ ಅವನು ಕೇಳಿದ ಕೂಲಿ."

ಸಭೆ ಚಪ್ಪಾಳೆ ಹೊಡೆಯಿತು. ಆ ಸಾಲು ಹುಡುಕಿದ್ದು ಗೊಬ್ನಿತ್. ಅವಳು ಎದ್ದು ನಿಂತಳು.

"ಸತ್ತ ಫ್ಲಾನನ ಹೆಸರು ಓದಿದ್ರಲ್ಲ ಪ್ರೊಫೆಸರ್ರೇ, ಬದುಕಿರೋ ನನ್ನ ಹೆಸರೆಲ್ಲಿ?"

"ಸಹಾಯಕರು ಅಂತ ಹಾಕಿದೀವಲ್ಲ, ಗೊಬ್ನಿತ್. ಮುಂದಿನ ಮುದ್ರಣದಲ್ಲಿ ನೋಡೋಣ."

"ಮುಂದಿನ ಮುದ್ರಣಕ್ಕೆ ನನ್ನ ಎಡಗಣ್ಣೂ ಬೇಕೇನು? ಕಡೆದವಳನ್ನ ಹರಸ್ದೆ ಗಡಿಗೆ ಎತ್ಕೊಂಡು ಹೋಗೋರ್ನ ನಮ್ಮೂರಲ್ಲಿ ಬೆಣ್ಣೆ ಕಳ್ಳರು ಅಂತಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಮಾರಾಟದ ಮೇಜಿಗೆ ನಡೆದು, ಮೇಲಿನ ಪ್ರತಿ ತೆರೆದು, ಒರೋತ್ ಪದವಿದ್ದ ಪುಟದ ಅಂಚಿನಲ್ಲಿ ಬರೆದಳು. ಆಮೇಲೆ ಎರಡನೆಯದು, ಮೂರನೆಯದು.

"ಅಯ್ಯೋ, ಪುಸ್ತಕ ಹಾಳಾಗುತ್ತೆ!" ಎಂದರು ಲೋರ್ಕನ್.

"ಫ್ಲಾನನೂ ಅಂಚಲ್ಲೇ ಬರೆದಿದ್ದು. ಅದಕ್ಕೆ ಈಗಷ್ಟೇ ಚಪ್ಪಾಳೆ ಹೊಡೆಸಿದ್ರಿ."

ಮೇಜಿನ ಮೇಲಿದ್ದ ನಲವತ್ತು ಪ್ರತಿಗಳಲ್ಲೂ ಬರೆದೇ ಪೆನ್ನು ಮುಚ್ಚಿದಳು. ಮರುವಾರ ಕೆಲಸ ಹೋಯಿತು. ಮರುಮುದ್ರಣವೂ ಬಂತು, ಅವಳ ಹೆಸರಿಲ್ಲದೆ.

ಅವಳು ಬರೆದದ್ದು ಇಷ್ಟು: "ಓದಿದವರೆಲ್ಲ ಬರೆದ ಗೊಬ್ನಿತ್ ನಿ ಲೂಸಳಿಗೊಂದು ಒರೋತ್ ಹೇಳಿ."

ನೀವೀಗ ಓದಿದಿರಿ. ದೇವರನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ಆ ಹೆಸರನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಪುಟ ತಿರುಗಿಸಿ.