ಇನ್ನೂರು ಲೀಟರಿನ ವಾದ

ಕಾಂದಿವಲಿಯ ನಮ್ಮ ಚಾಳಿಗೆ ನಲ್ಲಿ ನೀರು ಬರುವುದು ಬೆಳಿಗ್ಗೆ ಹನ್ನೊಂದಕ್ಕೆ. ಅದೂ ಕೆಳಗಿನ ಅಂಗಳದ ನಲ್ಲಿಗೆ ಮಾತ್ರ. ಎರಡನೆಯ ಮಹಡಿಯ ನಮ್ಮ ಕೋಣೆಯವರೆಗೆ ಹತ್ತುವ ಒತ್ತಡ ಅದಕ್ಕೆ ಎಂದೂ ಇದ್ದದ್ದಿಲ್ಲ. ಆ ಹೊತ್ತಿಗೆ ಅಪ್ಪ ತಾವು ಮ್ಯಾನೇಜರಾಗಿರುವ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಗಲ್ಲಾದ ಮುಂದೆ ಕುಳಿತಿರುತ್ತಾರೆ, ನಾನು ಅಂಧೇರಿಯ ಆಫೀಸಿನಲ್ಲಿರುತ್ತೇನೆ. ಹಾಗಾಗಿ ನೀರು ಹೊರುವವಳು ಅಮ್ಮ. ಇದನ್ನು ಮನೆಯಲ್ಲಿ ಯಾರೂ ಕೂತು ತೀರ್ಮಾನಿಸಿದ್ದಲ್ಲ. ಕೂತು ತೀರ್ಮಾನಿಸಿದ್ದರೆ ಕನಿಷ್ಠ ಯಾರಾದರೂ ವಿರೋಧಿಸಬಹುದಿತ್ತು.

ಮಳೆಗಾಲದ ಬಗ್ಗೆ ಈ ಊರಿನವರು ಭಾವುಕರಾಗುವುದನ್ನು ನಾನು ನಂಬುವುದಿಲ್ಲ. ಜೂನಿನಲ್ಲಿ ಮಳೆ ಶುರುವಾದರೂ, ದೂರದ ಕೆರೆಗಳು ತುಂಬುವ ತನಕ ನೀರಿನ ಕಡಿತ ನಿಲ್ಲುವುದಿಲ್ಲ. ಅಂದರೆ ಜನ ಮಳೆಯಲ್ಲಿ ತೊಪ್ಪೆಯಾಗಿ ನೆನೆಯುತ್ತಾ ನೀರಿಗಾಗಿ ಸಾಲು ನಿಲ್ಲುತ್ತಾರೆ. ಮಳೆನೀರು ಸಂಗ್ರಹಿಸಿ ಎಂದು ಉಪದೇಶಿಸುವ ವಿಡಿಯೋಗಳಲ್ಲಿ ಮಾತಾಡುವವನು ಯಾವಾಗಲೂ ಸ್ವಂತ ಬಂಗಲೆಯ ಹಿತ್ತಿಲಲ್ಲಿ ನಿಂತಿರುತ್ತಾನೆ. ಹಿತ್ತಿಲು ಎಲ್ಲಿಂದ ಸಂಗ್ರಹಿಸುವುದು ಎಂದು ಅವನು ಹೇಳುವುದಿಲ್ಲ.

ಆದರೂ ಆ ವರ್ಷ ಡ್ರಮ್ಮಿನ ಮಾತು ನಮ್ಮ ಮನೆಯಲ್ಲೂ ಎದ್ದಿತು. ಎತ್ತಿದವಳು ಅಮ್ಮ. ಮಾಡಿನ ಶೀಟಿನಿಂದ ಇಳಿಯುವ ಪೈಪು ನಮ್ಮ ಬಾಗಿಲ ಪಕ್ಕದಲ್ಲೇ, ಸಾಲುಕೋಣೆಗಳ ಮುಂದಿನ ಗ್ಯಾಲರಿಯ ಮೂಲೆಯಲ್ಲಿ ಹಾದುಹೋಗುತ್ತದೆ. ಅಲ್ಲೇ ಅದಕ್ಕೊಂದು ಕವಲು ಕೊಟ್ಟು ಡ್ರಮ್ ಇಟ್ಟರೆ ಪಾತ್ರೆ, ಬಟ್ಟೆ, ಬಚ್ಚಲಿನ ನೀರಿಗಾದರೂ ಕೆಳಗೆ ಇಳಿಯಬೇಕಿಲ್ಲ ಎಂಬುದು ಅವಳ ಲೆಕ್ಕ.

ಅದರ ಹಿಂದಿನ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಮೇ ತಿಂಗಳಲ್ಲಿ ಅವಳ ಜೊತೆ ಸ್ಟೇಷನ್ ಹತ್ತಿರದ ಲೇಡಿ ಡಾಕ್ಟರ ಬಳಿ ಹೋಗಿದ್ದೆ. ಗರ್ಭಕೋಶ ಜಾರಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ತುಂಬಿದ ಬಕೆಟ್ ಎತ್ತಲೇಬಾರದು ಎಂದು ಅವರು ಹೇಳಿದ್ದರು. ಎತ್ತಿದರೆ ಇನ್ನೂ ಜಾರುತ್ತದೆ. ರಿಕ್ಷಾದಲ್ಲಿ ಹಿಂತಿರುಗುವಾಗ ಅಮ್ಮ ನನ್ನ ಮಣಿಕಟ್ಟು ಹಿಡಿದು, "ಅಪ್ಪನಿಗೆ ಇದನ್ನೆಲ್ಲ ಹೇಳ್ಲಿಕ್ಕುಂಟಾ? ಗಂಡಸರ ಎದುರು ಹೇಳುವ ವಿಷಯ ಅಲ್ಲ ಇದು" ಅಂದಳು.

"ಅವರು ನಿನ್ನ ಗಂಡ ಅಮ್ಮ."

"ಅದಕ್ಕೇ ಹೇಳಿದ್ದು."

ಕಾಲೇಜಿನಲ್ಲಿ ನಾನು ಚರ್ಚಾಪಟು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ಯಾವುದು ಬಂದರೂ ಮಾತಾಡುತ್ತಿದ್ದೆ. ನಂಬದೆ ಇರುವುದನ್ನು ನಂಬಿದವಳಂತೆ ಹೇಳುವುದು ಆ ವಿದ್ಯೆಯ ಅರ್ಧ ಭಾಗ. ಆದರೆ ಇದ್ದ ಒಂದೇ ಒಂದು ನಿಜವಾದ ಕಾರಣವನ್ನು ಬಾಯೊಳಗೆ ಇಟ್ಟುಕೊಂಡು ವಾದಿಸುವುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ.

ಅಪ್ಪನಿಗೆ ಸೋಮವಾರ ರಜೆ. ನಮ್ಮ ಮನೆಯ ಖರ್ಚಿನ ಮಾತುಗಳೆಲ್ಲ ಆವತ್ತು ರಾತ್ರಿ ಊಟದ ಮುಂಚೆ ನಡೆಯುತ್ತವೆ. ಮಸಾಲೆ ದೋಸೆಗೆ ಬೀಳುವ ಎಣ್ಣೆ, ಗ್ಯಾಸು, ಹಾಳಾಗುವ ಬಟಾಟೆ ಎಲ್ಲ ಸೇರಿಸಿ ಒಂದು ಪ್ಲೇಟಿಗೆ ಎಷ್ಟು ಬಿತ್ತು ಎಂದು ನೋಡುವುದು ಅವರ ಕೆಲಸ. ಮನೆಯನ್ನೂ ಹಾಗೆಯೇ ನೋಡುತ್ತಾರೆ.

"ಮೊದ್ಲು ಕಾಸ್ಟಿಂಗ್ ಆಗ್ಲಿ" ಅಂದರು. "ಡ್ರಮ್ಮು, ಪೈಪು, ಜಾಳಿಗೆ, ಮುಚ್ಚಳ, ಕೆಳಗೊಂದು ನಲ್ಲಿ. ಮುಚ್ಚಳ ಸರಿ ಇಲ್ಲದಿದ್ರೆ ಸೊಳ್ಳೆ ಮೊಟ್ಟೆ ಇಡ್ತದೆ, ಮುನ್ಸಿಪಾಲ್ಟಿಯವರು ಬಂದು ದಂಡ ಹಾಕ್ತಾರೆ. ಅದನ್ನೂ ಸೇರಿಸು."

"ಮುಚ್ಚಳ ಸರಿ ಇರ್ತದೆ. ದಂಡ ಬಿಡಿ."

"ಆಯ್ತು ವಕೀಲಮ್ಮ. ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಕೂತು ಉಣ್ಣುವ ಆಳು ಇದು. ಇಂಥವನನ್ನು ನಾನು ಹೋಟೆಲಲ್ಲಿ ಇಟ್ಕೊಳ್ತೇನಾ?"

"ಈ ಆಳು ಸಂಬಳ ಕೇಳುದಿಲ್ಲ ಅಪ್ಪ. ಊರಿಗೆ ಹೋಗ್ತೇನೆ ಅಂತ ರಜೆಯೂ ಕೇಳುದಿಲ್ಲ."

ಅವರು ನಕ್ಕರು. ಆಮೇಲೆ ನಿಜವಾಗಿಯೂ ಅರ್ಥವಾಗದವರಂತೆ, "ಅಲ್ಲ, ಇಷ್ಟು ವರ್ಷ ಇವಳೇ ತಂದ್ಲಲ್ಲ ಮಾರಾಯ್ತಿ. ಈಗ ಎಂತ ಆಯ್ತು?" ಎಂದು ಕೇಳಿದರು.

ನಾನು ಅಮ್ಮನ ಕಡೆ ನೋಡಿದೆ. ಅವಳು ಲೋಟಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತಾ ಜೋಡಿಸುತ್ತಿದ್ದಳು. "ಎಂತ ಆಗ್ಲಿಕ್ಕುಂಟು? ಬೇಜಾರು ಬಂತು, ಅಷ್ಟೆ" ಅಂದಳು. ಬೇಜಾರಿಗೆ ಯಾವ ಕಾಸ್ಟಿಂಗಿನಲ್ಲೂ ಜಾಗವಿಲ್ಲ.

ಹಾಗಾಗಿ ನಾನು ದುಡ್ಡಿನ ದಾರಿ ಹಿಡಿದೆ. ಕಡಿತ ಜೋರಾದಾಗ ಚಾಳಿನವರೆಲ್ಲ ಸೇರಿ ಟ್ಯಾಂಕರ್ ತರಿಸುತ್ತಾರೆ. ನಮ್ಮ ಪಾಲಿನ ಆ ಖರ್ಚು ಉಳಿದರೆ ಎರಡೇ ಮಳೆಗಾಲದಲ್ಲಿ ಡ್ರಮ್ಮಿನ ಅಸಲು ಹುಟ್ಟುತ್ತದೆ ಎಂದು ತೋರಿಸಿದೆ. ಅಪ್ಪನ ಮುಖ ಬದಲಾಯಿತು. ಗಲ್ಲಾದಲ್ಲಿ ಕೂತವರಿಗೆ ಅಸಲು ಎಂಬ ಶಬ್ದ ಬೇಗ ಕೇಳಿಸುತ್ತದೆ.

ಅಮ್ಮನ ಮನಸ್ಸಿನಲ್ಲಿದ್ದದ್ದು ಬಚ್ಚಲಿನ ಹಂಡೆಗಿಂತ ಸ್ವಲ್ಪ ದೊಡ್ಡದಾದ ಸಣ್ಣ ಡ್ರಮ್. ಒಪ್ಪಿದ ಮೇಲೆ ಅಪ್ಪ ಅದಕ್ಕೆ ಬಿಡಲಿಲ್ಲ. "ಎಣ್ಣೆ ನಾವು ಡಬ್ಬದಲ್ಲಿ ತಗೊಳ್ಳುದಾ, ಪ್ಯಾಕೆಟಲ್ಲಾ? ಸಣ್ಣದು ತಂದ್ರೆ ಲೀಟರಿಗೆ ಡಬಲ್ ಬೀಳ್ತದೆ" ಎಂದು ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನೇ ತರಿಸಿದರು. ಲೆಕ್ಕ ಸರಿಯಾಗಿತ್ತು. ಎದುರಾಳಿ ನಾನು ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಿದ್ದಾನೆ, ನಾನೇಕೆ ಬಾಯಿ ತೆರೆಯಲಿ? ಸೊಳ್ಳೆಯಿಂದ ಹಿಡಿದು ನಲ್ಲಿಯ ವಾಷರಿನವರೆಗೆ ಎಲ್ಲದರ ಮೇಲೂ ವಾದವಾಗಿತ್ತು. ಹೋಟೆಲಿನಲ್ಲಿ ನೀರಿನ ಡ್ರಮ್ಮುಗಳು ನೆಲದ ಮೇಲೇ ಇರುತ್ತವೆ. ಅಲ್ಲಿ ನೀರಿಗೆ ಲೀಟರುಂಟು, ತೂಕವಿಲ್ಲ. ನಮ್ಮ ಮನೆಯಲ್ಲೂ ತೂಕದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಮೊದಲ ಮಳೆಯ ಕಪ್ಪು ನೀರನ್ನು ಚೆಲ್ಲಿದೆವು. ಎರಡನೆಯದಕ್ಕೆ ಡ್ರಮ್ ಕುತ್ತಿಗೆವರೆಗೆ ತುಂಬಿತು. ಆ ವಾರದಲ್ಲಿ ಒಂದು ದಿನ ಹನ್ನೊಂದು ಗಂಟೆಗೆ ಕುರ್ಚಿಯಲ್ಲಿ ಕೂತು ಚಾ ಕುಡಿದೆ ಎಂದು ಅಮ್ಮ ನನಗೆ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಅನುಮಾನವಿತ್ತು, ಬೇರೆ ಯಾರದೋ ಕುರ್ಚಿಯಲ್ಲಿ ಕೂತವಳಂತೆ.

ವಾರದ ಕೊನೆಗೆ ಕೆಳಗಿನ ಕೋಣೆಯ ಹೆಂಗಸು ಮೇಲೆ ಬಂದಳು. ವಿಜಯಪುರದ ಕಡೆಯವಳು, ನಾಲ್ಕು ಮನೆಗಳಲ್ಲಿ ರೊಟ್ಟಿ ಮಾಡುವ ಕೆಲಸ. ಕೈಯಲ್ಲಿ ಒಂದು ಮೊರ, ಮೊರದ ತುಂಬ ಗಾರೆಯ ಹೆಂಟೆಗಳು.

"ಅಕ್ಕಾರ, ನಿಮ್ಮ ಡ್ರಮ್ಮಿನ ಪ್ರಸಾದ ಗ್ಯಾಲರಿಯಾಗಿನ ನಮ್ಮ ಹಾಸಿಗಿ ಮ್ಯಾಲ ಬಿದ್ದೈತಿ, ನೋಡ್ರಿ. ಮೊಮ್ಮಗಾ ದಿನಾ ಅಲ್ಲೇ ಮಲಗ್ತಾನ. ಇವತ್ತ ಅವ್ನ ಅವ್ವ ಎತ್ಕೊಂಡಿದ್ಲು, ಪಾರಾದ."

ಅಮ್ಮ ಆ ಮೊರವನ್ನು ಎರಡೂ ಕೈಗಳಿಂದ ತೆಗೆದುಕೊಂಡಳು. ನಾನು ಮಾತ್ರ ಅಭ್ಯಾಸಬಲದಿಂದ ಖಂಡನೆಗೆ ಇಳಿದೆ. ಗಾರೆ ಹಳೆಯದು, ಮೊದಲೇ ಬಿರುಕಿತ್ತು, ಡ್ರಮ್ಮಿನಿಂದಲೇ ಅಂತ ಹೇಗೆ ಹೇಳ್ತೀರಿ, ಬೇಕಾದರೆ ಕಾಲು ಭಾಗ ಮಾತ್ರ ತುಂಬಿಸುತ್ತೇವೆ.

"ಕಾಲು ತುಂಬೈತೋ ಮುಕ್ಕಾಲು ತುಂಬೈತೋ, ನಾ ಏನ್ ರಾತ್ರಿಯೆಲ್ಲಾ ಮ್ಯಾಲ ಬಂದು ಬಗ್ಗಿ ನೋಡ್ಲೇನ ತಂಗಿ? ಮಳಿ ನಿನ್ನ ಮಾತ ಕೇಳತೈತೇನ?"

ಅವಳು ಹೇಳಿದ್ದು ಸರಿ. ಮೂರು ಜನ ದೊಡ್ಡವರು ಹಗಲೂ ರಾತ್ರಿ ಒಂದೇ ಹಲಗೆಯ ಮೇಲೆ ನಿಂತಷ್ಟು ಭಾರವನ್ನು ನಾವು ಒಂದು ಮಗುವಿನ ತಲೆಯ ಮೇಲೆ ಇಟ್ಟಿದ್ದೆವು. ಸಂಜೆಯೊಳಗೆ ಚಾಳಿನ ಸೆಕ್ರೆಟರಿ ಬಂದು, ಗ್ಯಾಲರಿಯಲ್ಲಿ ಸಣ್ಣದೋ ದೊಡ್ಡದೋ, ಇನ್ನು ಯಾರೂ ನೀರು ತುಂಬಿಸಿಡುವಂತಿಲ್ಲ ಎಂದು ಹೇಳಿಹೋದರು. ಸಣ್ಣ ಡ್ರಮ್ಮಿನ ದಾರಿಯನ್ನೂ ದೊಡ್ಡ ಡ್ರಮ್ ಮುಚ್ಚಿತು.

ಸೋಮವಾರ ಅಪ್ಪ ಖಾಲಿ ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿ, ಕೆಳಗಿನ ಪೈಪಿಗೆ ಹೊಂದಿಸಿ, ಬೆವರು ಒರೆಸುತ್ತಾ ಮೇಲೆ ಬಂದರು. "ದುಡ್ಡು ದಂಡ ಆಗ್ಲಿಲ್ಲ ಬಿಡು. ಇನ್ನು ಸಾಲಲ್ಲಿ ನಿಲ್ಲುದು ಬೇಡ. ಯಾವಾಗ ಬೇಕು ಆವಾಗ ಹೋಗಿ ಎರಡು ಬಕೆಟ್ ತಂದ್ರಾಯ್ತು" ಅಂದರು. ಅಮ್ಮ, "ಹೌದು, ಅದೂ ಒಳ್ಳೇದೇ" ಅಂದಳು.

"ಅವಳು ಬಕೆಟ್ ಎತ್ತಬಾರದು ಅಪ್ಪ" ಅಂದೆ.

"ಸುಮ್ನಿರು" ಅಂದಳು ಅಮ್ಮ.

ನಾನು ಸುಮ್ಮನಿರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ, ಹೇಳಿದ ಶಬ್ದಗಳಲ್ಲೇ ಹೇಳಿದೆ. ಅಪ್ಪ ಕೈಯಲ್ಲಿದ್ದ ಪಂಚೆಯನ್ನು ಮಡಿಸಿದರು, ಬಿಡಿಸಿದರು. ಗೋಡೆಯ ಕಡೆ ನೋಡುತ್ತಾ, "ಎಷ್ಟು ಸಮಯ ಆಯ್ತು?" ಎಂದು ಕೇಳಿದರು. ಆ ಪ್ರಶ್ನೆ ಯಾರಿಗೆಂದು ಸ್ಪಷ್ಟವಿರಲಿಲ್ಲ. ಅಮ್ಮ ನನ್ನ ಕಡೆ ತಿರುಗಿ, "ಗೆದ್ದಿಯಲ್ಲ? ಸಮಾಧಾನ ಆಯ್ತಲ್ಲ?" ಅಂದು ಒಳಗೆ ಹೋದಳು.

ಆ ಹೊತ್ತಿನವರೆಗೂ, ಸತ್ಯ ಹೊರಬಿದ್ದರೆ ವಾದ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ವಾದವೇನೋ ಮುಗಿಯಿತು. ಆಪರೇಷನ್ ದೀಪಾವಳಿಯ ನಂತರ ಎಂದಾಯಿತು; ಹೋಟೆಲಿನಲ್ಲಿ ಅಡ್ವಾನ್ಸ್ ಸಿಗುವುದು ಆಗಲೇ. ನೀರು ಹೊರಲು ಯಾರನ್ನಾದರೂ ಗೊತ್ತು ಮಾಡೋಣವೆಂದರೆ, ಮನೆಯಲ್ಲಿ ಒಬ್ಬಳೇ ಇರುವಾಗ ಹೊರಗಿನವರು ಒಳಗೆ ಬರುವುದು ಬೇಡವೆಂದು ಅಮ್ಮ ಕಡ್ಡಿ ಮುರಿದಂತೆ ಹೇಳಿದಳು. ಅಂಗಳಕ್ಕೆ ಇಳಿದ ಡ್ರಮ್ಮು ಇಡೀ ಚಾಳಿನದಾಯಿತು; ನಾನೋ ಅಪ್ಪನೋ ಮನೆಗೆ ಬರುವ ಹೊತ್ತಿಗೆ ಅದರಲ್ಲಿ ನೀರು ಉಳಿದಿರುವುದಿಲ್ಲ. ಭಾನುವಾರ ನಾನು ಹೊರುತ್ತೇನೆ. ಸೋಮವಾರ ಅಪ್ಪ ಹೊರುತ್ತಾರೆ. ಮೊದಲ ಸೋಮವಾರ ಅಂಗಳದ ಹೆಂಗಸರು, "ಏನು ಸೇಟ್, ಹೋಟೆಲು ಬಿಟ್ರಾ?" ಎಂದು ಅವರನ್ನು ನಗಾಡಿದಾಗ ಅಮ್ಮ ಗ್ಯಾಲರಿಯಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು. ನನ್ನ ಜೊತೆ ಅದಕ್ಕಿಂತಲೂ ಕಡಿಮೆ.

ಎರಡು ದಿನದ ನೀರು ಬುಧವಾರಕ್ಕೆ ಮುಗಿಯುತ್ತದೆ. ಬುಧವಾರ ಹನ್ನೊಂದು ಗಂಟೆ ದಾಟಿದ ಮೇಲೆ ಆಫೀಸಿನ ಕಾರಿಡಾರಿಗೆ ಬಂದು ನಾನು ಮನೆಗೆ ಫೋನ್ ಮಾಡುತ್ತೇನೆ. ರಿಂಗಾಗುತ್ತದೆ. ಅವಳು ಎತ್ತುವುದಿಲ್ಲ. ಸಿಟ್ಟಿನಿಂದ ಎತ್ತುತ್ತಿಲ್ಲ ಎಂದು ನನಗೆ ನಾನೇ ವಾದಿಸಿಕೊಳ್ಳುತ್ತೇನೆ. ಸಿಟ್ಟೇ ಆಗಿರಲಿ ಎಂದು ಆಶಿಸುತ್ತೇನೆ. ರಿಂಗು ತಾನಾಗಿ ನಿಲ್ಲುವವರೆಗೆ ಫೋನನ್ನು ಕಿವಿಗೆ ಹಿಡಿದೇ ಇರುತ್ತೇನೆ. ಆ ಹೊತ್ತಿಗೆ ಅವಳ ಎರಡೂ ಕೈಗಳಲ್ಲಿ ಏನಿರುತ್ತದೆಂದು ನನಗೆ ಗೊತ್ತು.