ಸಿಂಗಟಗೆರೆ ಪಾಪಮ್ಮ ಬಿಚ್ಚಿದ ಗಂಟುಗಳು

ಸಿಂಗಟಗೆರೆಯ ಪಾಪಮ್ಮನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಆ ಮಾತು ಕೆರೆ ಏರಿಯಿಂದ ಹಿಡಿದು ತೆಂಗಿನ ತೋಟಗಳ ತನಕ ಹಬ್ಬುವುದಕ್ಕೆ ಮಾತ್ರ ಒಂದು ಬೆಳಗು ಸಾಕಾಯಿತು. ಆದದ್ದು ಇಷ್ಟೆ. ಐವತ್ತು ದಾಟಿದ, ಮೊಮ್ಮಕ್ಕಳನ್ನು ಕಂಡ, ಮನೆಯ ಯಜಮಾನಿ ಪಾಪಮ್ಮ ಅಂದು ಬಿಸಿಲು ಅಂಗಳಕ್ಕೆ ಇಳಿದರೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಕಾಯಿಲೆಯೇ? ಅಲ್ಲ. ಮುನಿಸೇ? ಅದೂ ಅಲ್ಲ. ಗಾಬರಿಯಿಂದ ನೋಡಲು ಬಂದ ಪಕ್ಕದ ಮನೆಯ ಸಾವಿತ್ರಮ್ಮನಿಗೆ ಅವಳು ಕಂಬಳಿಯೊಳಗಿಂದಲೇ ಉತ್ತರ ಕೊಟ್ಟಳು.

"ಮದ್ವೆ ಆದಾಗಿಂದ ಸೂರ್ಯನ್ನ ನಾನೇ ಕಾಯ್ಕೊಂಡು ಕೂತಿದೀನಿ. ಇವತ್ತೊಂದಿನ ಅವನೇ ಬಂದು ನನ್ನ ಎಬ್ಬಿಸ್ಲಿ ಅಂತ ಮಲಗಿದೀನಿ ಕಣೇ. ನೀನು ಹೋಗು, ಬೆಳಕಿಗೆ ಅಡ್ಡ ನಿಂತಿದೀಯ."

ಆಮೇಲೆ ತನ್ನ ಪಾಡಿಗೆ ಎದ್ದು, ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಬೀಸುವ ಕಲ್ಲಿನ ಮೇಲಿನ ಗೂಟಕ್ಕೆ ನೇತುಬಿದ್ದಿದ್ದ ಹಳೆಯ ಸೀರೆಯಂಚಿನ ಪಟ್ಟಿಯನ್ನು ತೆಗೆದು, ಅದರಲ್ಲಿದ್ದ ಒಂದು ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದಳು.

ಈ ಗಂಟುಗಳ ವಿಷಯ ಹೇಳದಿದ್ದರೆ ಪಾಪಮ್ಮನ ವಿಷಯ ಹೇಳಿದ ಹಾಗಾಗುವುದಿಲ್ಲ. ಏನನ್ನಾದರೂ ಮರೆಯಬಾರದೆಂದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವುದು ಆ ಕಡೆಯ ಹೆಂಗಸರ ರೂಢಿ. ಸಂತೆಯಿಂದ ಉಪ್ಪು ತರಿಸಬೇಕು, ಗಂಟು ಹಾಕು. ಎಮ್ಮೆಗೆ ಹಿಂಡಿ ನೆನೆಹಾಕಬೇಕು, ಇನ್ನೊಂದು ಗಂಟು. ಕೆಲಸವಾದ ಮೇಲೆ ಬಿಚ್ಚಿದರಾಯಿತು. ಪಾಪಮ್ಮನ ಸೆರಗಿನಲ್ಲಿ ಮನೆಮಂದಿಯ ಗಂಟುಗಳಿಗೇ ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ತನ್ನ ಸ್ವಂತ ಆಸೆಗಳಿಗೆಂದು ಹರಿದ ಸೀರೆಯ ಅಂಚೊಂದನ್ನು ಬೇರೆ ಇಟ್ಟಿದ್ದಳು. ಮದುವೆಯಾಗಿ ಬಂದ ಹೊಸದರಿಂದಲೂ 'ಇದನ್ನೊಂದು ಮಾಡಬೇಕು' ಎನ್ನಿಸಿದಾಗಲೆಲ್ಲ ಅದಕ್ಕೊಂದು ಗಂಟು ಬಿಗಿದು ಹಿಟ್ಟು ಬೀಸಲು ಕೂರುತ್ತಿದ್ದಳು. ಬಿಚ್ಚುವುದಕ್ಕೆ ಮಾತ್ರ ಪುರಸೊತ್ತು ಸಿಕ್ಕಿರಲಿಲ್ಲ.

ಸಿಗುತ್ತಲೂ ಇರಲಿಲ್ಲವೇನೋ. ಆದರೆ ಹಿಂದಿನ ವರ್ಷ ಮೈಸೂರು ಸೀಮೆಗೆಲ್ಲ ಬಡಿದ ಆ ಕೆಟ್ಟ ಜ್ವರ ಅವಳನ್ನೂ ಮಲಗಿಸಿತು. ಈ ಹೆಂಗಸು ಉಳಿಯುವುದಿಲ್ಲವೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಉಳಿದಳು. ಗೋಡೆಗೊರಗಿ ಗಂಜಿ ಕುಡಿಯುವಷ್ಟಾದಾಗ, ಸಖರಾಯಪಟ್ಟಣದಲ್ಲಿದ್ದ ಒಬ್ಬನೇ ಅಣ್ಣ ಅದೇ ಜ್ವರದಲ್ಲಿ ಹೋದನೆಂಬ ಸುದ್ದಿ ಮುಟ್ಟಿಸಿದರು. ಪಾಪಮ್ಮ ಅತ್ತಳು. ಅತ್ತು ಸಾಕಾದ ಮೇಲೆ ಆ ಪಟ್ಟಿಯನ್ನು ತರಿಸಿ, ಗಂಟುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಇಷ್ಟನ್ನೂ ಕಟ್ಕೊಂಡು ಮಣ್ಣಿಗೆ ಹೋಗ್ತಿದ್ನಲ್ಲೇ," ಎಂದು ಸೊಸೆ ಸುಲೋಚನಳಿಗೆ ಹೇಳಿದಳು. "ಇನ್ನು ಬಿಚ್ತೀನಿ. ಯಾರು ಏನಾದ್ರೂ ಅನ್ಕೊಳ್ಲಿ."

ಅಂದುಕೊಳ್ಳುವವರಿಗೆ ಕೈತುಂಬ ಕೆಲಸ ಕೊಟ್ಟಳು. ಬೆಳಿಗ್ಗೆ ಮಲಗಿದ್ದು ಮೊದಲನೆಯದು. ಎರಡನೆಯದು ಬಿಸಿ ಮುದ್ದೆ. ಎಲ್ಲ ಮನೆಗಳಂತೆ ಆ ಮನೆಯಲ್ಲೂ ಗಂಡಸರು ಉಂಡು, ಮಕ್ಕಳು ಉಂಡು, ಆಳುಕಾಳುಗಳು ಉಂಡ ಮೇಲೆ ಹೆಂಗಸರ ಊಟ. ಅಷ್ಟು ಹೊತ್ತಿಗೆ ಒಲೆಯೂ ಆರಿರುತ್ತದೆ, ಮುದ್ದೆಯೂ ಆರಿರುತ್ತದೆ. ಒಂದು ಮಧ್ಯಾಹ್ನ ಗಂಡ ಈರಣ್ಣ ತಣಿಗೆಯ ಮುಂದೆ ಕೂತಾಗ ಪಾಪಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. ಬಡಿಸಲು ಬಂದ ಸುಲೋಚನ ನಿಂತಲ್ಲೇ ನಿಂತಳು.

"ಏನೇ ಇದು?" ಎಂದ ಈರಣ್ಣ.

"ಹಸಿವು," ಎಂದಳು ಪಾಪಮ್ಮ. "ಜೀವಮಾನವೆಲ್ಲ ತಿರುವಿದೀನಿ. ಬಿಸಿದು ಹೆಂಗಿರ್ತದೆ ಅಂತ ಒಂದ್ಸಲ ನೋಡ್ತೀನಿ."

ಅಭ್ಯಾಸವಿಲ್ಲದ ಬೆರಳು ಸುಟ್ಟಿತು, ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಆದರೂ ಬಿಡದೆ ಪೂರ್ತಿ ನುಂಗಿ, "ಇಷ್ಟು ರುಚಿಯಾಗಿರ್ತದೆ ಅಂತ ಒಬ್ರಾದ್ರೂ ನಂಗೆ ಹೇಳ್ಬಾರ್ದಿತ್ತೇನ್ರೋ!" ಎಂದು ಗಂಡನನ್ನೂ ಮಕ್ಕಳನ್ನೂ ತರಾಟೆಗೆ ತೆಗೆದುಕೊಂಡಳು. ಪಾಪ, ತಣ್ಣನೆಯದು ಹೇಗಿರುತ್ತದೆಂದು ಅವರಿಗೆ ಗೊತ್ತಿದ್ದರೆ ತಾನೇ?

ಆಮೇಲೆ ಕಡೂರು. ಕೊಬ್ಬರಿ ಗಾಡಿಯ ಹಿಂದೆ ಕೂತು ಹೋದವಳು ಸೀದಾ ವೆಂಕಟಸುಬ್ಬಯ್ಯನವರ ಕಾಫಿ ಕ್ಲಬ್ಬಿಗೆ ನುಗ್ಗಿ ಗಂಡಸರ ಬೆಂಚಿನ ಮೇಲೆ ಕೂತಳು. ಲೋಟ ಎತ್ತಿದ್ದವರು ಎತ್ತಿದ ಹಾಗೇ ಉಳಿದರು. ವೆಂಕಟಸುಬ್ಬಯ್ಯನವರೇ ಎದ್ದು ಬಂದು, "ಅಮ್ಮಾ, ಹಿಂದಿನ ಬಾಗಿಲಿಗೆ ಬನ್ನಿ, ಅಲ್ಲೇ ಕೊಡಿಸ್ತೀನಿ," ಎಂದು ಮೆಲ್ಲಗೆ ಹೇಳಿದರು.

"ಹಿಂದಿನ ಬಾಗ್ಲು ನಮ್ಮನೇಲೂ ಐತೆ ಸ್ವಾಮೀ. ನಾನು ಮುಂದಿನ ಬಾಗ್ಲು ನೋಡಾಕೆ ಬಂದಿರೋದು."

ಅವರು ಒಳ್ಳೆಯವರು, ನಕ್ಕು ಕಾಫಿ ತರಿಸಿದರು. ಪಾಪಮ್ಮ ಕುಡಿದು ಮುಖ ಹಿಂಡಿದಳು. ಇದಕ್ಕಾಗಿಯೇ ಗಂಡಸರು ಗಾಡಿ ಕಟ್ಟಿಕೊಂಡು ಬರುತ್ತಾರೆಯೇ ಎಂದು ಅವಳಿಗೆ ಕನಿಕರವೇ ಆಯಿತು. ಕನಿಕರದಲ್ಲಿಯೇ ಇನ್ನೊಂದು ಲೋಟ ಕುಡಿದಳು.

ಮೈನೆರೆದ ಮೇಲೆ ಬಿಟ್ಟಿದ್ದ ಈಜನ್ನು ಸಿಂಗಟಗೆರೆಯ ಕೆರೆಯಲ್ಲಿ ಈಜಿದಳು. ಸೀರೆಯನ್ನು ಕಚ್ಚೆ ಕಟ್ಟಿ ಅವಳು ನೀರಿಗೆ ಬಿದ್ದಾಗ ಬಟ್ಟೆ ಒಗೆಯುತ್ತಿದ್ದವರೆಲ್ಲ ಕಿರುಚಿದರು. ಅವಳು ಕೆರೆಯ ನಡುವಿನ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ಕಿರುಚಾಟ ನಿಂತಿತ್ತು. ತಲೆ ಕೆಟ್ಟಿದೆ ಎಂದು ತಾನೂ ದನಿಗೂಡಿಸಿದ್ದ ಸಾವಿತ್ರಮ್ಮನೇ ಒಣಗಿದ ಸೀರೆ ಹಿಡಿದು ಮೆಟ್ಟಿಲ ಮೇಲೆ ಕಾದಿದ್ದಳು. ಆ ವಾರ ಊರಿನ ಎಷ್ಟೋ ಹೆಂಗಸರು ತಮ್ಮ ತಮ್ಮ ಸೆರಗಿನ ತುದಿಯನ್ನು ಸುಮ್ಮನೆ ತಿರುವಿ ನೋಡಿಕೊಂಡರು.

ಹೀಗೆ ಬಿಚ್ಚುತ್ತ ಬಿಚ್ಚುತ್ತ ಪಟ್ಟಿಯ ತುದಿಯಲ್ಲಿ ಎರಡು ಗಂಟು ಉಳಿದವು. ಒಂದು ರೈಲಿನದು. ಇನ್ನೊಂದು ಎಲ್ಲಕ್ಕಿಂತ ಮೊದಲು ಹಾಕಿದ್ದು. ಎಣ್ಣೆ, ಧೂಳು, ಹೊಗೆ ಕುಡಿದು ಕಲ್ಲಿನಂತಾಗಿತ್ತು. ಅದು ಅವಳ ಹೆಸರಿನ ಗಂಟು.

ಪಾಪಮ್ಮ ಹುಟ್ಟುವಾಗ ಪಾಪಮ್ಮನಾಗಿರಲಿಲ್ಲ. ತೌರಿನಲ್ಲಿ ಅವಳಿಗಿಟ್ಟ ಹೆಸರು ಗುರುಶಾಂತಮ್ಮ. ಮದುವೆಯ ದಿನ ನೋಡಿದರೆ ಅತ್ತೆಯ ಹೆಸರೂ ಗುರುಶಾಂತಮ್ಮ. ಹೆತ್ತ ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕರೆಯುವುದುಂಟೇ? ಸೊಸೆಯನ್ನು ಗದರುವಾಗ ಅತ್ತೆ ತನ್ನನ್ನೇ ಗದರಿಕೊಂಡ ಹಾಗಾಗುವುದಿಲ್ಲವೇ? ಹಿರಿಯರು ಅಲ್ಲೇ ಕೂತು ಅವಳನ್ನು ಪಾಪಮ್ಮ ಮಾಡಿದರು. ಅದು ಪದ್ಧತಿ, ಯಾರೂ ಅದಕ್ಕೆ ಹೊರತಲ್ಲ. ಮುಂದೆ ತನ್ನ ಮಗನಿಗೆ ತಂದ ಹುಡುಗಿಯ ಹೆಸರು ಪಾಪಮ್ಮ ಎಂದು ಗೊತ್ತಾದಾಗ, ಅವಳನ್ನು ಸುಲೋಚನ ಎಂದು ಕರೆಯೋಣವೆಂದು ಹೇಳಿದವಳು ಇವಳೇ.

ಅವಳ ಆಸೆ ದೊಡ್ಡದೇನಲ್ಲ. ಸಾಯುವ ಮುಂಚೆ ಒಂದು ಸಲ, ಒಂದೇ ಸಲ, ಯಾರಾದರೂ ಅವಳನ್ನು ಅವಳ ಹೆಸರಿನಿಂದ ಕರೆಯಬೇಕು. ಅಪ್ಪ ಅವ್ವ ಎಂದೋ ಹೋಗಿದ್ದರು. ಕರೆಯುತ್ತಿದ್ದ ಅಣ್ಣನೂ ಹೋದ. ನಾಚಿಕೆ ಬಿಟ್ಟು ಗಂಡನನ್ನೇ ಕೇಳಿದಳು.

"ಗೋಡೆ ಕಡೆ ಮುಖ ಮಾಡ್ಕೊಂಡಾದ್ರೂ ಒಂದ್ಸಲ ಕರೀರಿ."

ಈರಣ್ಣ ತುಂಬ ಹೊತ್ತು ಗೋಡೆ ನೋಡಿದ. "ನಾಲಿಗೆ ಏಳಲ್ಲ ಕಣೇ. ಅದು ಅವ್ವನ ಹೆಸರು," ಎಂದ. ಅವನೇನು ಕೆಟ್ಟವನಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಕೇಳಿದ: "ಚಿಕ್ಕಂದಿನಲ್ಲಿ ನಿನ್ ಜೊತೆಗಾತಿ ಒಬ್ಳಿದ್ಲು ಅಂತಿದ್ಯಲ್ಲ, ಶಿವನಿ ಊರಿಗೆ ಕೊಟ್ಟವಳು. ಮಲ್ಲಿಕಾಂಬ. ಅವ್ಳು ಕರೀತಾಳಲ್ಲ? ನಡಿ, ರೈಲಿನ ಗಂಟೂ ಬಿಚ್ಚಿದ ಹಾಗಾಯ್ತು."

ಮಲ್ಲಿಕಾಂಬ! ಸಖರಾಯಪಟ್ಟಣದಲ್ಲಿ ಇಬ್ಬರೂ ಒಂದೇ ಕೇರಿಯವರು. ಮಲ್ಲಿಕಾಂಬನ ಮದುವೆಯಾದ ಮೇಲೆ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಅವಳ ತೌರಿನವರು ಮನೆ ಮಾರಿ ಕಾಫಿ ತೋಟಗಳ ಕಡೆ ಹೊರಟುಹೋಗಿದ್ದರಿಂದ ವಿಳಾಸ ಹೇಳುವವರೂ ಇರಲಿಲ್ಲ. ಶಿವನಿ ಎಂಬುದೊಂದೇ ಗೊತ್ತು. ಬದುಕಿದ್ದಾಳೋ ಇಲ್ಲವೋ, ಅದೂ ಗೊತ್ತಿಲ್ಲ.

ಕಡೂರಿನಲ್ಲಿ ರೈಲು ಹತ್ತಿದರು. ಪಾಪಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. ಕಣ್ಣಿಗೆ ಇದ್ದಿಲ ಪುಡಿ ಬಿದ್ದರೂ ಮುಚ್ಚಲಿಲ್ಲ. ಬೀರೂರು ಹೋಯಿತು, ಅಜ್ಜಂಪುರ ಹೋಯಿತು. ಎಳ್ಳು, ಹುರುಳಿಯ ಹೊಲಗಳು ಹಿಂದಕ್ಕೆ ಓಡುವುದನ್ನು ಕಂಡು ಅವಳು ಚಿಕ್ಕ ಹುಡುಗಿಯಂತೆ ನಕ್ಕಳು. ಗಾಡಿಯಲ್ಲೇ ರೈಲಿನ ಗಂಟು ಬಿಚ್ಚಿದಳು. ಕಲ್ಲಾದ ಗಂಟೊಂದೇ ಉಳಿಯಿತು.

ಶಿವನಿಯಲ್ಲಿ ಕೇರಿ ಕೇರಿ ಅಲೆದರು. "ಮಲ್ಲಿಕಾಂಬ ಅಂತ, ಸಖರಾಯಪಟ್ಟಣದ ಹೆಣ್ಣು, ನನ್ನ ವಾರಿಗೆಯವಳು." ಅಂಗಡಿಯವನು ತಲೆಯಾಡಿಸಿದ. ಮಠದ ಅಯ್ಯನವರು ಯೋಚಿಸಿ ಇಲ್ಲವೆಂದರು. ಹೊತ್ತು ಇಳಿಯುತ್ತ ಬಂತು, ಪಾಪಮ್ಮನ ಮುಖವೂ ಇಳಿಯಿತು. ಜ್ವರದಲ್ಲಿ ಅವಳೂ ಹೋಗಿರಬೇಕು ಎಂದು ಈರಣ್ಣನಿಗೆ ಅನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಯಾರೋ, "ಶಿವಮೂರ್ತಪ್ಪನವರ ಮನೇಲಿ ಒಬ್ಬ ಮಲ್ಲಿಕಾಂಬ ಇದಾಳೆ," ಎಂದರು. ಓಡಿ ಹೋದರು. ಇದ್ದಳು, ತೊಟ್ಟಿಲಲ್ಲಿ. ಇನ್ನೂ ಹಲ್ಲು ಬಂದಿರಲಿಲ್ಲ.

ಪಾಪಮ್ಮ ನಗಬೇಕೋ ಅಳಬೇಕೋ ತಿಳಿಯದೆ ಮಗುವಿನ ಕೆನ್ನೆ ಮುಟ್ಟಿ, "ಒಳ್ಳೇ ಹೆಸ್ರಿಟ್ಟಿದೀರ," ಎಂದಳು.

"ಇಟ್ಟಿದೀವಿ," ಎಂದಳು ಮಗುವಿನ ಅಜ್ಜಿ. "ಕೊಟ್ಟ ಮನೇಲಿ ಏನಂತ ಬದಲಾಯಿಸ್ತಾರೋ, ಯಾರಿಗ್ಗೊತ್ತು."

ಪಾಪಮ್ಮ ಹಣೆ ಚಚ್ಚಿಕೊಂಡಳು. ಯಾರಿಗೆ ಹೊಳೆಯದಿದ್ದರೂ ಅವಳಿಗೆ ಹೊಳೆಯಬೇಡವೇ? ಹೆಸರು ಕಳೆದುಕೊಂಡವಳೇ ಬಂದು, ಹೆಸರು ಕಳೆದುಕೊಂಡ ಇನ್ನೊಬ್ಬಳನ್ನು ಆ ಹೆಸರಿನಿಂದಲೇ ಹುಡುಕುತ್ತಿದ್ದಳು! ಶಿವನಿಯಲ್ಲಿ ಮಲ್ಲಿಕಾಂಬ ಎಂಬುವವಳು ಎಂದೂ ಕಾಲಿಟ್ಟಿರಲಿಕ್ಕಿಲ್ಲ. ಬೇರೆ ಯಾವುದೋ ಹೆಸರಿನವಳು ಸೇರಕ್ಕಿ ಒದ್ದು ಒಳಗೆ ಬಂದಿರಬೇಕು. ಆ ಹೆಸರು ಯಾವುದೋ!

"ಸಂಜೆ ರೈಲಿಗೆ ಹೊತ್ತಾಯ್ತು," ಎಂದ ಈರಣ್ಣ.

"ನೀರಿಗೆ ಬರೋ ಹೊತ್ತೂ ಆಯ್ತು. ಬಾವಿ ಎಲ್ಲೈತೆ ಕೇಳಿ."

ಊರ ಸಿಹಿನೀರಿನ ಬಾವಿಯ ಸುತ್ತ ಕೊಡಗಳೂ ಹೆಂಗಸರೂ ತುಂಬಿದ್ದರು. ಈರಣ್ಣ ದೂರದ ಬೇವಿನ ಮರದಡಿ ಬೀಡಿ ಹಚ್ಚಿ ಕೂತ. ಪಾಪಮ್ಮ ಬಾವಿಯ ಹತ್ತಿರದ ಕಲ್ಲಿನ ಮೇಲೆ ಹತ್ತಿ ನಿಂತು, ಸಖರಾಯಪಟ್ಟಣದ ಕೇರಿಯಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದಳು.

"ಮಲ್ಲಿಕಾಂಬಾ! ಏ ಮಲ್ಲೀ!"

ಮಾತು ನಿಂತಿತು. ಎಲ್ಲರೂ ಅವಳನ್ನೇ ನೋಡಿದರು. ಯಾರಿವಳು ಎಂದು ಪಿಸುಗುಟ್ಟಿದರು. ಅವಳು ಮತ್ತೆ ಕೂಗಿದಳು, ಗಂಟಲು ಬಿರಿಯುವ ಹಾಗೆ. ಎಲ್ಲರೂ ತಿರುಗಿದ್ದರೂ ಒಬ್ಬಳು ತಿರುಗಿರಲಿಲ್ಲ. ಬೆನ್ನು ಬಾಗಿದ ಮುದುಕಿಯೊಬ್ಬಳು ಹಗ್ಗ ಹಿಡಿದು ಹಾಗೇ ನಿಂತಿದ್ದಳು. ಅವಳ ಕೈಯಿಂದ ಹಗ್ಗ ಸರ್‍ರನೆ ಜಾರಿ, ಕೊಡ ನೀರಿಗೆ ಬಿದ್ದ ಸದ್ದು ಕೇಳಿಸಿತು.

"ಹಾಲಮ್ಮಜ್ಜೀ, ಕೊಡ!" ಎಂದು ಪಕ್ಕದವಳು ಚೀರಿದಳು.

ಹಾಲಮ್ಮಜ್ಜಿ ಕೊಡದ ಕಡೆ ನೋಡಲೂ ಇಲ್ಲ. "ಯಾರೇ ಅದು?" ಎಂದಳು. "ನನ್ ಹೆಸ್ರು ಯಾರೇ ಕೂಗಿದ್ದು?" ಕಣ್ಣಿಗೆ ಕೈಯಡ್ಡ ಇಟ್ಟು, ಒಂದೊಂದೇ ಹೆಜ್ಜೆ ಹತ್ತಿರ ಬಂದು, ಕಲ್ಲಿನ ಮೇಲೆ ನಿಂತವಳನ್ನು ಕೆಳಗಿಂದ ಮೇಲಿನ ತನಕ ನೋಡಿದಳು. ಆಮೇಲೆ ಅವಳೂ ಕೂಗಿದಳು. ಒಡೆದ ದನಿ, ಆದರೆ ಊರಿಗೆಲ್ಲ ಕೇಳಿಸಿತು.

"ಗುರುಶಾಂತಿ! ಲೇ ಗುರುಶಾಂತಮ್ಮಾ! ನೀನೇನೇ?"

ಕಾಫಿ ಕ್ಲಬ್ಬಿನಲ್ಲಿ, ಊಟದ ಮಣೆಯಲ್ಲಿ, ಎಲ್ಲೆಲ್ಲೂ ಪಟಪಟನೆ ಉತ್ತರ ಕೊಟ್ಟವಳಿಗೆ ಈಗ ಮಾತು ಬರಲಿಲ್ಲ. ಕರೆದವರಿಗೆ ಓಗೊಡುವುದೊಂದೇ ಸಾಧ್ಯವಾಯಿತು. "ಓ," ಎಂದಳು. ಅಷ್ಟೆ. ಕಲ್ಲಿನಿಂದ ಇಳಿದು ಮಲ್ಲಿಕಾಂಬನ ಹೆಗಲ ಮೇಲೆ ಮುಖವಿಟ್ಟಳು. ಅತ್ತ ಬೇವಿನ ಮರದಡಿ ಕೂತಿದ್ದ ಈರಣ್ಣ, ತಾಯಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ಬೀಡಿ ಬಿಸಾಡಿ ತಟ್ಟನೆ ಎದ್ದು ನಿಂತುಬಿಟ್ಟಿದ್ದ.

ಸಂಜೆಯ ರೈಲು ಅವರನ್ನು ಬಿಟ್ಟೇ ಹೋಯಿತು. ಆ ರಾತ್ರಿ ಮಲ್ಲಿಕಾಂಬನ ಮನೆಯಲ್ಲಿ ಊಟ, ಅಲ್ಲೇ ಗೆಳತಿಯರಿಬ್ಬರೂ ಸೇರಿ ಉಗುರಿನಿಂದ, ಹಲ್ಲಿನಿಂದ, ಕೊನೆಗೆ ದಬ್ಬಳದಿಂದ ಆ ಹಳೆಯ ಗಂಟನ್ನು ಬಿಚ್ಚಿದರು.

ಮರುದಿನದ ರೈಲಿನಲ್ಲಿ ಗುರುಶಾಂತಮ್ಮ ಕಿಟಕಿಯಾಚೆ ನೋಡಲಿಲ್ಲ. ಗಂಟುಗಳ ಗುರುತು ಮಾತ್ರ ಉಳಿದಿದ್ದ ಖಾಲಿ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಬೀರೂರು ದಾಟಿದ ಮೇಲೆ ಗಂಡನ ಕಡೆ ತಿರುಗಿ, "ನಾನು ಪಾಪಮ್ಮ ಅಲ್ವೇ ಅಲ್ಲ ಅಂದ್ಮೇಲೆ, ಆ ಹುಡುಗಿ ಹೆಸ್ರು ಯಾಕ್ರೀ ಕಿತ್ಕೊಂಡೆ ನಾನು?" ಎಂದಳು.

ಮನೆ ಮುಟ್ಟಿದಾಗ ಸೊಸೆ ಬಾಗಿಲಿಗೆ ಬೆನ್ನು ಹಾಕಿ, ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಗುರುಶಾಂತಮ್ಮ ಹೊಸ್ತಿಲ ಮೇಲೆ ನಿಂತು ಕರೆದಳು.

"ಪಾಪಮ್ಮಾ."

"ಅತ್ತೆ ಊರಲ್ಲಿಲ್ಲ, ಶಿವನಿಗೆ ಹೋಗವ್ರೆ," ಎಂದಳು ಸೊಸೆ ತಿರುಗದೆಯೇ.

"ಅತ್ತೇನಲ್ಲ ಕಣವ್ವ, ನಿನ್ನನ್ನೇ ಕರೆದಿದ್ದು. ನನ್ ಹೆಸ್ರು ನಂಗೆ ಸಿಕ್ತು. ಇದು ನಿಂದು, ನಾನು ಇಷ್ಟು ದಿನ ಇಟ್ಕೊಂಡಿದ್ದೆ. ತಗೋ."

ತಿರುವುತ್ತಿದ್ದ ಕೋಲು ನಿಂತಿತು.

"ಪಾಪಮ್ಮಾ," ಎಂದು ಗುರುಶಾಂತಮ್ಮ ಇನ್ನೊಂದು ಸಲ ಕರೆದಳು.

ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಒಲೆಯ ಮೇಲೆ ಮುದ್ದೆ ಸೀಯುವ ವಾಸನೆ ಬಂತು. ಆಗ ಎಲ್ಲೋ ದೂರದಿಂದ ಬಂದಂತೆ, "ಓ," ಎಂದಳು.